ಚಾರ್ಟಿನ ಮುಂದೆ ಕೂರದ ಮಗು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗಳಿಗೆ 20 ತಿಂಗಳು. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗ ಮೊಬೈಲ್ ನೋಡಿಯೇ ಎ, ಬಿ, ಸಿ, ಡಿ ಒಪ್ಪಿಸುತ್ತಾನೆ. ನಾನು ಅಕ್ಷರ, ಹಣ್ಣು, ಪ್ರಾಣಿಗಳ ಚಾರ್ಟ್‌ಗಳನ್ನು ತಂದು ಗೋಡೆಗೆ ಅಂಟಿಸಿದ್ದೇನೆ. ಅವಳು ಎರಡು ನಿಮಿಷವೂ ಅವುಗಳ ಮುಂದೆ ಕೂರದೆ ಅಡುಗೆಮನೆಗೆ ಬಂದು ಡಬ್ಬಿಗಳನ್ನೆಲ್ಲ ಎಳೆದು ಹಾಕುತ್ತಾಳೆ. ನಮ್ಮದು ಅಂಗಳವಿಲ್ಲದ ಬಾಡಿಗೆ ಮನೆ, ಬೇಸಿಗೆಯಲ್ಲಿ ಹೊರಗೆ ಬಿಡುವಂತಿಲ್ಲ. ಊಟ ಮಾಡಿಸಬೇಕಾದರೆ ಮೊಬೈಲ್ ಕೊಡಲೇಬೇಕು. ಮನೆಯಲ್ಲಿಯೇ ಏನು ಕಲಿಸಬಹುದು?
— ಒಬ್ಬ ತಾಯಿ, ಗಂಗಾವತಿ

ಉತ್ತರ: ನಿಮ್ಮ ಮಗಳು ಚಾರ್ಟನ್ನು ಬಿಟ್ಟು ಡಬ್ಬಿಗಳ ಕಡೆಗೆ ಹೋಗುತ್ತಿರುವುದು ಸರಿಯಾಗಿಯೇ ಇದೆ. ಈ ವಯಸ್ಸಿನ ಮಗು ಮುಟ್ಟಿ, ಎತ್ತಿ, ಸುರಿದು, ಬಡಿದು ತಿಳಿದುಕೊಳ್ಳುತ್ತದೆಯೇ ಹೊರತು ಗೋಡೆಯ ಮೇಲಿನ ಚಿತ್ರವನ್ನು ದೂರದಿಂದ ನೋಡಿ ಅಲ್ಲ. ಪಕ್ಕದ ಮನೆಯ ಹುಡುಗ ಒಪ್ಪಿಸುತ್ತಿರುವುದು ಕೇಳಿ ಕೇಳಿ ರೂಢಿಯಾದ ದನಿಗಳನ್ನು. ಅದು ಅಕ್ಷರಜ್ಞಾನವಲ್ಲ, ಆದ್ದರಿಂದ ಆ ಹೋಲಿಕೆಯನ್ನು ಇಲ್ಲಿಗೇ ಬಿಟ್ಟುಬಿಡಿ. ಮುಂದೆ ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳಿಗೆ ಈಗ ಬೇಕಾಗಿರುವುದು ನಾದುವ, ಚಿವುಟುವ, ತುಂಬುವ, ಮುಚ್ಚಳ ತೆರೆಯುವ ಕೆಲಸ.

ರೊಟ್ಟಿಗೆ ಹಿಟ್ಟು ನಾದುವಾಗ, ಒಲೆ ಹಚ್ಚುವುದಕ್ಕೆ ಮೊದಲೇ, ಆರಿದ ಜೋಳದ ಹಿಟ್ಟಿನ ಒಂದು ಉಂಡೆಯನ್ನು ಅವಳ ತಾಟಿಗೆ ಹಾಕಿ. ಅದನ್ನು ಒತ್ತಿದರೆ ಅಂಚಿನಲ್ಲಿ ಬಿರುಕು ಬಿಡುತ್ತದೆ, ಎಳೆದರೆ ತುಂಡಾಗುತ್ತದೆ. ಚಪಾತಿ ಮಾಡುವ ದಿನ ಗೋಧಿ ಹಿಟ್ಟಿನ ಉಂಡೆಯನ್ನು ಕೊಟ್ಟರೆ ಅದು ಎಳೆದಷ್ಟೂ ಉದ್ದವಾಗುತ್ತದೆ. ನೀವು ಏನೂ ವಿವರಿಸಬೇಕಾಗಿಲ್ಲ. ಎರಡನ್ನೂ ಹಿಡಿದ ಕೈಗೆ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ, ‘ಮುರೀತು’, ‘ಉದ್ದ ಆಯ್ತು’ ಎಂಬ ಮಾತನ್ನು ಮಾತ್ರ ಅದೇ ಗಳಿಗೆಯಲ್ಲಿ ನೀವು ಸೇರಿಸಿದರೆ ಸಾಕು. ಸಂತೆಯಿಂದ ತಂದ ಉಳ್ಳಾಗಡ್ಡಿ ಮತ್ತು ಆಲೂಗಡ್ಡೆಗಳನ್ನು ನೆಲಕ್ಕೆ ಸುರಿದು ಎರಡು ಬುಟ್ಟಿಗಳಿಗೆ ಬೇರೆ ಬೇರೆಯಾಗಿ ಹಾಕಿಸಬಹುದು. ಅವಳು ಎಳೆದು ಹಾಕುವ ಡಬ್ಬಿಗಳಲ್ಲಿ ಮೂರನ್ನು ಖಾಲಿ ಮಾಡಿ ಕೆಳಗಿನ ಕಪಾಟಿನಲ್ಲಿ ಅವಳಿಗೆಂದೇ ಇಟ್ಟು, ಯಾವ ಮುಚ್ಚಳ ಯಾವುದಕ್ಕೆ ಕೂರುತ್ತದೆ ಎಂದು ಹುಡುಕಲು ಬಿಡಿ. ಸದ್ದಾಗುತ್ತದೆ, ಅದನ್ನು ಮಾತ್ರ ಸಹಿಸಿಕೊಳ್ಳಬೇಕು.

ಬೇಳೆ, ಕಡಲೆ, ಶೇಂಗಾ, ಹುಣಸೆಬೀಜಗಳನ್ನು ಆರಿಸಲು ಕೊಡಿ ಎಂಬ ಸಲಹೆ ಮೊಬೈಲ್ ವಿಡಿಯೋಗಳಲ್ಲಿ ಹೇರಳವಾಗಿ ಬರುತ್ತದೆ. ದಯವಿಟ್ಟು ಅದನ್ನು ಪಾಲಿಸಬೇಡಿ. ಮೂರು ವರ್ಷದೊಳಗಿನ ಮಕ್ಕಳ ಬಾಯಿಗೆ, ಮೂಗಿಗೆ, ಕಿವಿಗೆ ಅವು ಹೋಗುವುದು ಕ್ಷಣದ ಮಾತು, ಅದರಲ್ಲಿಯೂ ಶೇಂಗಾ ಶ್ವಾಸನಾಳದಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಸುಮಾರು 4 ಸೆಂ.ಮೀ.ಗಿಂತ ಚಿಕ್ಕದಾದ ಯಾವ ವಸ್ತುವೂ ಆಟದ ಸಾಮಾನಾಗಬಾರದು. ರಿಮೋಟ್‌ನಲ್ಲಿ, ದನಿ ಮಾಡುವ ಗೊಂಬೆಗಳಲ್ಲಿ ಇರುವ ಗುಂಡಿಯಂಥ ಚಪ್ಪಟೆ ಸೆಲ್ಲುಗಳು ಅದಕ್ಕಿಂತ ಕೆಟ್ಟವು. ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತವೆ.

ಬೇಸಿಗೆಯ ಸಂಜೆಗಳಿಗೆ ನೀರಾಟಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಬಿಸಿಲು ಇಳಿದು ಮಾಳಿಗೆ ಆರಿದ ಮೇಲೆ, ಅಥವಾ ಬಚ್ಚಲಿನಲ್ಲಿಯೇ, ಅಗಲವಾದ ಪಾತ್ರೆಯಲ್ಲಿ ಮೂರು ಬೆರಳಿನಷ್ಟು ನೀರು ಹಾಕಿ ಒಂದು ಚರಿಗೆ, ಒಂದು ಸೌಟು, ಒಂದು ಸಾಣಿಗೆಯನ್ನು ಕೊಡಿ. ಚರಿಗೆಯಲ್ಲಿ ನಿಂತ ನೀರು ಸಾಣಿಗೆಯಲ್ಲಿ ಏಕೆ ನಿಲ್ಲಲಿಲ್ಲ ಎಂದು ಅವಳು ಸಾಣಿಗೆಯನ್ನು ತಲೆಯ ಮೇಲೆತ್ತಿ ಅಡಿಯಿಂದ ನೋಡುವುದನ್ನು ನೀವೇ ಕಾಣುತ್ತೀರಿ. ಈ ಆಟದಲ್ಲಿ ನೀವು ಕೈಯಳತೆಯಲ್ಲಿಯೇ ಕುಳಿತಿರಬೇಕು, ಫೋನ್ ಬಂದರೂ ಏಳಬಾರದು, ಮುಗಿದ ಕೂಡಲೇ ನೀರನ್ನು ಚೆಲ್ಲಬೇಕು, ಏಕೆಂದರೆ ಕೆಲವೇ ಅಂಗುಲ ನೀರಿನಲ್ಲಿಯೂ ಪುಟ್ಟ ಮಗು ಮುಳುಗಬಲ್ಲದು. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಯಲ್ಲಿ ಎತ್ತು ಮಾಡುವವರಿದ್ದರೆ ಮಿಕ್ಕ ಮಣ್ಣನ್ನು ಅವಳ ಕೈಗೂ ಕೊಡಿ. ಅವಳು ಮಾಡಿದ್ದು ಎತ್ತಿನಂತೆ ಕಾಣದಿದ್ದರೂ ತಿದ್ದಬೇಡಿ.

ಇಂಥ ಆಟ ಐದು ನಿಮಿಷ ನಡೆದರೂ ಅದು ಪೂರ್ಣವೇ. ಅವಳು ಎದ್ದು ಹೋದರೆ ಕರೆದು ಕೂರಿಸಬೇಡಿ. ಅವಳು ‘ನೀಲು’ ಎಂದರೆ ‘ಹೌದು, ತಣ್ಣೀರು, ಚರಿಗೆಯಲ್ಲಿ ತಣ್ಣೀರು’ ಎಂದು ಒಂದೆರಡು ಪದಗಳನ್ನು ಕೂಡಿಸಿ ಹಿಂದಿರುಗಿಸಿ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳ ಸರದಿಗೆ ಕಾಯಿರಿ. ನಾವು ದೊಡ್ಡವರು ಪ್ರಶ್ನೆಯನ್ನೂ ಕೇಳಿ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ.

ಮೊಬೈಲ್ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 2 ವರ್ಷ ತುಂಬುವವರೆಗೆ ಪರದೆಯ ಮುಂದೆ ಕೂರಿಸುವುದು ಸಲ್ಲದು, ಆ ಮೇಲೆ 4 ವರ್ಷದವರೆಗೂ ದಿನಕ್ಕೆ 1 ಗಂಟೆ ಮೀರಬಾರದು. 1 ವರ್ಷ ದಾಟಿದ ಮಗುವಿಗೆ ದಿನವಿಡೀ ಸೇರಿ ಕನಿಷ್ಠ 180 ನಿಮಿಷ ಮೈಯಾಡಬೇಕು. ಹಾಸಿಗೆ, ದಿಂಬುಗಳ ಗುಡ್ಡೆ ಹತ್ತಿ ಇಳಿಯುವುದೂ ಈ ಲೆಕ್ಕಕ್ಕೆ ಸೇರುತ್ತದೆ. ಊಟದ ಮೊಬೈಲನ್ನು ಒಂದೇ ದಿನ ಕಸಿದುಕೊಂಡರೆ ಮನೆಯೆಲ್ಲ ರಣರಂಗವಾದೀತು. ಎಲ್ಲರೂ ಕೂಡಿ ಉಣ್ಣುವ ಒಂದು ಹೊತ್ತನ್ನು ಆರಿಸಿಕೊಂಡು ಮೊದಲು ಅಷ್ಟಕ್ಕೆ ನಿಲ್ಲಿಸಿ, ಅವಳ ತಾಟನ್ನು ನಿಮ್ಮ ತಾಟಿನ ಪಕ್ಕದಲ್ಲಿಟ್ಟು ಅವಳೇ ಕಲಸಿ ತಿನ್ನಲು ಬಿಡಿ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2024ರಲ್ಲಿ ಹೊರತಂದ ‘ನವಚೇತನಾ’ ಚೌಕಟ್ಟಿನಲ್ಲಿ ಹುಟ್ಟಿನಿಂದ 3 ವರ್ಷದವರೆಗಿನ ಮಕ್ಕಳಿಗೆ ವಯಸ್ಸಿಗೆ ತಕ್ಕ 140 ಚಟುವಟಿಕೆಗಳಿವೆ. ನಿಮ್ಮ ಓಣಿಯ ಅಂಗನವಾಡಿ ಕಾರ್ಯಕರ್ತೆಯರನ್ನು ಅವುಗಳ ಬಗ್ಗೆ ಕೇಳಿ ನೋಡಿ.

ಪ್ರಶ್ನೆ: ಎರಡೂವರೆ ವರ್ಷದ ಮೊಮ್ಮಗ ಹಗಲೆಲ್ಲ ನನ್ನ ಬಳಿ ಇರುತ್ತಾನೆ. ಸೊಸೆ ತೆಲುಗಿನಲ್ಲಿ, ನಾವು ಕನ್ನಡದಲ್ಲಿ ಮಾತನಾಡುತ್ತೇವೆ. ಇದರಿಂದಲೇ ಅವನ ಮಾತು ತಡವಾಗುತ್ತಿದೆ ಎಂದು ನೆಂಟರು ಹೇಳುತ್ತಾರೆ. ಮೊಣಕಾಲು ನೋವಿರುವುದರಿಂದ ನಾನು ನೆಲದ ಮೇಲೆ ಕುಳಿತು ಆಡಿಸಲಾರೆ.
— ಒಬ್ಬ ಅಜ್ಜ, ಮಾನ್ವಿ

ಉತ್ತರ: ಎರಡು ಭಾಷೆಗಳನ್ನು ಕೇಳುತ್ತ ಬೆಳೆಯುವುದು ಮಾತು ತಡವಾಗಲು ಕಾರಣವಲ್ಲ. ಅವನ ಪದಗಳನ್ನು ಎಣಿಸುವಾಗ ಎರಡೂ ಭಾಷೆಗಳ ಪದಗಳನ್ನು ಒಟ್ಟಿಗೆ ಎಣಿಸಬೇಕು. ಹಾಲಿಗೆ ತೆಲುಗಿನ ‘ಪಾಲು’ ಪದವನ್ನೇ ಬಳಸಿ ‘ಪಾಲು ಬೇಕು’ ಎಂದರೆ ಅದು ಎರಡು ಪದಗಳ ಪೂರ್ಣ ಮಾತೇ. ತಮ್ಮ ಸೊಸೆ ತೆಲುಗನ್ನು ಬಿಡಬೇಕಾಗಿಲ್ಲ, ತಾವು ಕನ್ನಡವನ್ನು ಬಿಡಬೇಕಾಗಿಲ್ಲ. ಆದರೆ ಈ ವಯಸ್ಸಿಗೂ ಯಾವ ಭಾಷೆಯಲ್ಲಿಯೂ ಎರಡು ಪದಗಳನ್ನು ಕೂಡಿಸುತ್ತಿಲ್ಲವಾದರೆ, ಅಥವಾ ಹಿಂದಿನಿಂದ ಹೆಸರು ಹಿಡಿದು ಕರೆದಾಗ ತಿರುಗಿ ನೋಡುವುದಿಲ್ಲವಾದರೆ, ‘ಗಂಡು ಮಕ್ಕಳಿಗೆ ಮಾತು ತಡ’ ಎಂಬ ಸಮಾಧಾನದಲ್ಲಿ ತಿಂಗಳುಗಳನ್ನು ಕಳೆಯದೆ ಮಕ್ಕಳ ವೈದ್ಯರಿಗೆ ತೋರಿಸಿ, ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಇಂಥ ಮಕ್ಕಳ ತಪಾಸಣೆಗೆ ಶುಲ್ಕವಿಲ್ಲ. ಅಂಗನವಾಡಿಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ತಾವು ಮಂಚದ ಮೇಲೆ ಕುಳಿತೇ ಆಡಿಸಬಹುದು. ಒಂದು ಕೈಚೀಲದಲ್ಲಿ ಬಾಚಣಿಗೆ, ಚಮಚ, ಬೀಗ, ಟವೆಲ್ ಇಟ್ಟು, ನೋಡದೆ ಕೈ ಹಾಕಿ ‘ಏನು ಸಿಕ್ಕಿತು?’ ಎಂದು ಹೇಳಿಸಿ. ಮನೆಯವರ ಹಳೆಯ ಫೋಟೋಗಳನ್ನು ತೋರಿಸಿ ‘ಇವರು ಯಾರು?’ ಎಂದು ಕೇಳಿ. ಒಂದೇ ಕಥೆಯನ್ನು ದಿನವೂ ಹೇಳು ಎಂದು ಹಟ ಹಿಡಿದರೆ ಬೇಸರಿಸದೆ ಹೇಳಿ, ಮಧ್ಯದ ಒಂದು ಪದವನ್ನು ಬೇಕೆಂದೇ ಬಿಟ್ಟರೆ ಅವನೇ ತುಂಬಿಸುತ್ತಾನೆ.

ಪ್ರಶ್ನೆ: ಕೊಪ್ಪಳಕ್ಕೆ ಹೋದಾಗ ಕಿನ್ನಾಳದ ಬಣ್ಣದ ಗೊಂಬೆಯನ್ನು ತಂದಿದ್ದೇವೆ. ಒಂದು ವರ್ಷದ ಮಗುವಿಗೆ ಆಡಲು ಕೊಡಬಹುದೇ?
— ಒಬ್ಬ ಓದುಗರು, ಬಳ್ಳಾರಿ

ಉತ್ತರ: ಈಗ ಬೇಡ. ಕೈಗೆ ಸಿಕ್ಕಿದ್ದೆಲ್ಲವನ್ನೂ ಬಾಯಿಗಿಡುವ ವಯಸ್ಸಿದು. ಅಲಂಕಾರಕ್ಕೆಂದು ಮಾಡಿದ ಗೊಂಬೆಯ ಬಣ್ಣ, ಮುರಿಯಬಹುದಾದ ಕೊಂಬು, ಕಿವಿಗಳು ಬಾಯಿಗೆ ಹೋಗಬಾರದು. ಅದನ್ನು ಕಪಾಟಿನಲ್ಲಿಟ್ಟು, ಮಗುವನ್ನು ಎತ್ತಿಕೊಂಡು ಹೋಗಿ ತೋರಿಸಿ ಮಾತನಾಡಿಸಿ. ಕಚ್ಚಲು, ಬಡಿಯಲು ಸೀಳಿಲ್ಲದ, ಬಣ್ಣವಿಲ್ಲದ ಕಟ್ಟಿಗೆಯ ಸೌಟನ್ನು ತೊಳೆದು ಕೊಟ್ಟರೆ ಸಾಕು.