ಏಪ್ರಿಲ್ ಬಿಸಿಲಾಗ ಕೂಸಿನ ಆಟ

ಮೂರು ವರ್ಷದ ಮಗಳನ್ನ ಏಪ್ರಿಲ್‌ನಾಗ ಹುಬ್ಬಳ್ಳಿ ಉಣಕಲ್ ಕೆರಿ ಗಾರ್ಡನ್‌ಗೆ ಮುಂಜಾನೆ ಹನ್ನೊಂದಕ್ಕ ಕರ್ಕೊಂಡು ಹೋಗಬಹುದಾ ಅಂತ ಕೇಳೀರಿ. ಬ್ಯಾಡ್ರಿ. 7ರಿಂದ 9ರೊಳಗ, ಇಲ್ಲಾ ಸಂಜಿ 5ರ ಮ್ಯಾಲೆ ಹೋಗ್ರಿ.

ಸಂಜೀಗೂ ಜಾರಬಂಡಿ ಕಾದಿರ್ತದ. ತಗಡಷ್ಟ ಅಲ್ಲ, ಪ್ಲಾಸ್ಟಿಕ್ಕೂ ಸುಡ್ತದ. ಅಂಗೈ ಹಿಂಭಾಗ ಐದು ಸೆಕೆಂಡ್ ಇಟ್ಟು ನೋಡ್ರಿ, ತಡೀಲಿಕ್ಕೆ ಆಗ್ಲಿಲ್ಲಂದ್ರ ಹತ್ತಿಸಬ್ಯಾಡ್ರಿ. ಮೊದ್ಲ ಸುಡೋದು ತೊಡಿ ಹಿಂಭಾಗ, ಅದಕ್ಕ ಚಡ್ಡಿಗಿಂತ ತೆಳ್ಳನ ಕಾಟನ್ ಪ್ಯಾಂಟ್ ಛಲೋ.

ಆಟದಾಗ ಮಕ್ಕಳಿಗೆ ನೀರಡಿಕಿ ನೆನಪಿರಂಗಿಲ್ಲ. ಕೇಳೋತನಕ ಕಾಯದ 15-20 ನಿಮಿಷಕ್ಕೊಮ್ಮೆ ನಾಕು ಗುಟುಕು ಕುಡಿಸ್ರಿ. ಉಚ್ಚಿ ಗಾಢ ಹಳದಿ ಬಂತಂದ್ರ ನೀರು ಸಾಲಿಲ್ಲ ಅಂತರ್ಥ.

ಹನ್ನೊಂದಕ್ಕ ಆಡಸಬೇಕಂದ್ರ ಮನಿ ಅಂಗಳದ ಬೇವಿನ ನೆರಳಾಗ ಒಂದು ಬುಟ್ಟಿ ಉಸುಕು, ಒಂದು ತಂಬಿಗಿ ನೀರು ಸಾಕು. ತುಂಬಿದ ಬಕೆಟ್ ಮಾತ್ರ ಹತ್ರ ಇಡಬ್ಯಾಡ್ರಿ; ಸಣ್ಣ ಕೂಸು ತಲಿ ಕೆಳಗಾಗಿ ಬಿದ್ರ ಮ್ಯಾಲೆ ಏಳಲಿಕ್ಕೆ ಬರಂಗಿಲ್ಲ.