ವೊಲ್ವರೀನ್ ಬೇರೆ ಕಾಡುಪ್ರಾಣಿಗಳಿಗಿಂತ ಎಷ್ಟು ಅಪಾಯಕಾರಿ?

ವೊಲ್ವರೀನ್ ಎಂದರೆ ಉತ್ತರದ ಹಿಮನಾಡುಗಳ ಒಂದು ಮಾಂಸಾಹಾರಿ ಪ್ರಾಣಿ. ಮನುಷ್ಯರ ಮಟ್ಟಿಗೆ ಅದು ಹೆಸರು ಮಾಡಿದಷ್ಟು ಅಪಾಯಕಾರಿ ಅಲ್ಲವೇ ಅಲ್ಲ. ಕಾಡಿನ ವೊಲ್ವರೀನ್ ಮನುಷ್ಯನನ್ನು ಕೊಂದ ಖಚಿತ ದಾಖಲೆ ಇಲ್ಲ. ಅಲಾಸ್ಕಾದಲ್ಲಿ ಕರಡಿಗಿಂತ ಹೆಚ್ಚು ಜನರನ್ನು ಗಾಯಗೊಳಿಸುವುದು ಸೊಪ್ಪು, ಚಿಗುರು ತಿನ್ನುವ ಮೂಸ್ ಎಂಬ ದೈತ್ಯ ಜಿಂಕೆ!

ವೊಲ್ವರೀನ್ ತೋಳ, ಕರಡಿಗಳ ಬಳಗದ್ದಲ್ಲ, ನೀರುನಾಯಿಯ ಬಳಗದ್ದು. ಗಂಡು ಸುಮಾರು 11ರಿಂದ 18 ಕಿಲೋ, ಹೆಣ್ಣು ಇನ್ನೂ ಚಿಕ್ಕದು. ಆದರೆ ದವಡೆ ನೋಡಬೇಕು: ಮೇಲ್ದವಡೆಯ ಕೊನೆಯ ಹಲ್ಲು ಒಳಮುಖವಾಗಿ 90 ಡಿಗ್ರಿ ತಿರುಗಿರುತ್ತದೆ. ಕಲ್ಲಿನಂತೆ ಹೆಪ್ಪುಗಟ್ಟಿದ ಮಾಂಸವನ್ನೂ ಅದು ಸೀಳುತ್ತದೆ, ಮೂಳೆಯನ್ನೂ ಪುಡಿ ಮಾಡುತ್ತದೆ. ಪಾದ ಅಗಲವಾದ್ದರಿಂದ ಹಿಮದಲ್ಲಿ ಹೆಚ್ಚು ಹೂತುಹೋಗುವುದಿಲ್ಲ. ಗೊರಸು ಹುಗಿದು ಪರದಾಡುವ ಹಿಮಸಾರಂಗವನ್ನು ಬೀಳಿಸುವುದು ಹೀಗೇ. ನಾರ್ವೆ, ಸ್ವೀಡನ್‌ನ ಹಿಮಸಾರಂಗ ಸಾಕುವವರಿಗೆ ಇದು ನಿಜವಾದ ತಲೆನೋವು.

ಕರಡಿಯನ್ನೇ ಓಡಿಸುತ್ತದೆ ಎಂಬ ಮಾತನ್ನು ಅರ್ಧ ಮಾತ್ರ ನಂಬಿ. ಸತ್ತ ಪ್ರಾಣಿಯ ಮಾಂಸಕ್ಕಾಗಿ ತನಗಿಂತ ದೊಡ್ಡ ಪ್ರಾಣಿಗಳ ಎದುರು ಗುರುಗುಟ್ಟಿ ನಿಲ್ಲುವುದುಂಟು. ಆದರೆ ತೋಳದ ಹಿಂಡಿಗೆ ಸಿಕ್ಕರೆ ಸಾಯುವುದು ವೊಲ್ವರೀನೇ, ಕರಡಿಯಿಂದಲೂ ಸತ್ತಿವೆ.

ಕಚ್ಚಿಸಿಕೊಳ್ಳುವ ಸಾಧ್ಯತೆ ಹೆಚ್ಚಿರುವುದು ಬೋನಿಗೆ ಬಿದ್ದ ಪ್ರಾಣಿಗೆ ಕೈ ಹಾಕುವವರಿಗೆ. ಹಿಮದೊಳಗಿನ ಮರಿಗಳ ಬಿಲ, ಅರ್ಧ ತಿಂದ ಕಳೇಬರ, ಎರಡರಿಂದಲೂ ದೂರವಿರಿ. ಬೇಟೆಗಾರರ ಗುಡಿಸಲಿಗೆ ನುಗ್ಗಿ ಆಹಾರ ದೋಚುವುದೂ ಉಂಟು, ಹಾಗಾಗಿ ಡಬ್ಬಿ ಗಟ್ಟಿಯಿರಲಿ.

ಹೋಲಿಕೆಗೆ ಕರ್ನಾಟಕದ ಕರಡಿಯನ್ನೇ ತೆಗೆದುಕೊಳ್ಳಿ: ಬೆದರಿದರೆ ನೇರ ಮುಖಕ್ಕೇ ಎರಗುತ್ತದೆ. ಅದರ ಮುಂದೆ ವೊಲ್ವರೀನ್ ಏನೇನೂ ಅಲ್ಲ.