ನರ್ಸ್‌ಗಳಿಗೆ ವ್ಯಾಕರಣ ಬರುತ್ತೆ, ವಾರ್ಡಿನಲ್ಲಿ ಮಾತು ಬರಲ್ಲ: ಪ್ರತಿಕ್ರಿಯೆ

ನರ್ಸ್‌ಗಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ, ಆದರೂ ವಾರ್ಡಿನಲ್ಲಿ ಅವರಿಗೆ ಮಾತು ಬರುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಬಹುಶಃ ನಿಮ್ಮ ಪಾಠಪಟ್ಟಿ ಪುಸ್ತಕದಿಂದ ಹುಟ್ಟಿದೆ, ವಾರ್ಡಿನ ಕೆಲಸದಿಂದಲ್ಲ. ಆರು ವಾರ ವ್ಯಾಕರಣ ಕಲಿತರೂ ಪಾಳಿ ಬದಲಾಗುವಾಗ ರೋಗಿಯ ಸ್ಥಿತಿ ಹೇಳಲು ತಡವರಿಸುತ್ತಾರೆ ಅಂದರೆ ಅದೇ ಕಾರಣ ಇರಬೇಕು.

ಮೊದಲು ಅಗತ್ಯಗಳ ಪಟ್ಟಿ ಮಾಡಿ. ‘ನಿಮಗೇನು ಕಲಿಯಬೇಕು?’ ಅಂತ ಕೇಳಬೇಡಿ, ಎಲ್ಲರೂ ‘ಗ್ರಾಮರ್’ ಅನ್ನುತ್ತಾರೆ. ‘ಕಳೆದ ವಾರ ಇಂಗ್ಲಿಷ್ ಎಲ್ಲಿ ಬೇಕಾಯಿತು, ಯಾರ ಜೊತೆ, ಎಲ್ಲಿ ಮಾತು ನಿಂತಿತು?’ ಎಂದು ಕೇಳಿ. ಹಿರಿಯ ನರ್ಸ್‌ ಒಬ್ಬರಿಗೂ ಇದನ್ನೇ ಕೇಳಿ; ಉತ್ತರಗಳು ಹೊಂದದಿದ್ದರೆ ಹಿರಿಯರು ಹೇಳಿದ ಸಂದರ್ಭದಿಂದ ಶುರುಮಾಡಿ. ಸಾಧ್ಯವಾದರೆ, ಅನುಮತಿ ಪಡೆದು, ಒಂದು ಪಾಳಿ ಬದಲಾವಣೆಯನ್ನು ಕುಳಿತು ಕೇಳಿ. ಆದರೆ ರೋಗಿಗಳ ಹೆಸರನ್ನು ಬರೆದುಕೊಳ್ಳಲೇಬೇಡಿ.

ಆಮೇಲೆ ಪದೇಪದೇ ಬರುವ ಮೂರೇ ಸಂದರ್ಭ ಆರಿಸಿ. ಪಾಳಿ ವರದಿಗೆ ಎಸ್‌ಬಿಎಆರ್ (ಸಿಚುಯೇಷನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್) ಎಂಬ ನಾಲ್ಕು ಹಂತದ ಚೌಕಟ್ಟು ಹೇಳಿ ಮಾಡಿಸಿದ್ದು: ಈಗಿನ ಸ್ಥಿತಿ, ಹಿನ್ನೆಲೆ, ಅಂದಾಜು, ಮುಂದೇನು ಮಾಡಬೇಕು. ವ್ಯಾಕರಣ ಇದರೊಳಗೇ ಸಿಗುತ್ತದೆ. ‘ಹ್ಯಾಸ್ ಬೀನ್ ವಾಮಿಟಿಂಗ್ ಸಿನ್ಸ್ ಫೋರ್’ ಅನ್ನುವಾಗ ‘ಸಿನ್ಸ್’ ಬದಲು ‘ಫಾರ್’ ಬಂದರೆ ‘ನಾಲ್ಕು ಗಂಟೆಯಿಂದ’ ಎಂಬುದು ‘ನಾಲ್ಕು ಗಂಟೆಗಳ ಕಾಲ’ ಆಗಿಬಿಡುತ್ತದೆ. ಇಂಥ ತಪ್ಪನ್ನು ಬಿಡಲೇಬೇಡಿ. ಅರ್ಥ ಕೆಡಿಸದ ಆರ್ಟಿಕಲ್ ತಪ್ಪುಗಳು ಕಾಯಲಿ. ‘ಫಿಫ್ಟೀನ್’, ‘ಫಿಫ್ಟಿ’ ಉಚ್ಚಾರಕ್ಕೆ ದಿನಾ ಐದು ನಿಮಿಷ ಕೊಡಿ. ಔಷಧಿಯ ಪ್ರಮಾಣದಲ್ಲಿ ಈ ಗೊಂದಲ ಅಪಾಯಕಾರಿ, ಹಾಗಾಗಿ ಅಂಕಿಗಳನ್ನು ಬಿಡಿಸಿ ‘ಒನ್ ಫೈವ್’ ಎಂದು ಮತ್ತೆ ಹೇಳಿಸಿ.

ಪರೀಕ್ಷೆಯೂ ಅದೇ ರೀತಿ ಇರಲಿ: ಕಾಲ್ಪನಿಕ ರೋಗಿಯ ಚಾರ್ಟ್ ಕೊಟ್ಟು ಎರಡು ನಿಮಿಷ ವರದಿ ಹೇಳಿಸಿ. ಕೇಳಿದ ಜೊತೆಗಾರ್ತಿ ಮುಖ್ಯ ಅಂಶಗಳನ್ನು ಸರಿಯಾಗಿ ಬರೆದುಕೊಂಡರೆ ಪಾಸ್. ನಿಮ್ಮ ನರ್ಸ್‌ಗಳು ಕೆಲಸದಲ್ಲಿ ಮಾತಿಗಿಂತ ಹೆಚ್ಚಾಗಿ ಟಿಪ್ಪಣಿ ಬರೆಯುವವರಾದರೆ ಈ ಕ್ರಮ ಬದಲಾಗುತ್ತದೆ, ಅದನ್ನು ಮೊದಲೇ ವಿಚಾರಿಸಿಕೊಳ್ಳಿ.